ನಾಣ್ಯ ಉಜ್ಜುವ ಮುಂಚೆ ಓದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ನಾಣ್ಯ ಕೈಗೆ ಸಿಕ್ಕ ತಕ್ಷಣ ಹೆಬ್ಬೆರಳು ತಾನಾಗಿಯೇ ಅದನ್ನು ಉಜ್ಜಲು ಶುರು ಮಾಡುತ್ತದೆ. ಇಸವಿ ಕಾಣಲಿ ಅಂತ. ಆಮೇಲೆ ಸ್ವಲ್ಪ ಸೋಪು, ಆಮೇಲೆ ಹಳೇ ಟೂತ್‌ಬ್ರಷ್. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹೊಸದಾಗಿ ಸಂಗ್ರಹ ಶುರು ಮಾಡಿದವರು ಈ ಬಗ್ಗೆ ನನ್ನನ್ನು ಕೇಳಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಪ್ರಶ್ನೆಗೆ ಒಂದೆರಡು ಸಾಲು ಸಾಕು, ಕೆಲವಕ್ಕೆ ಕೂತು ಮಾತಾಡಬೇಕು.

ಒಂದೇ ಮಾತಲ್ಲಿ ಹೇಳಿ, ನಾಣ್ಯ ತೊಳೆಯಬಹುದಾ?

ಬೇಡ. ನಾಣ್ಯ ಯಾವುದು, ಅದರ ಮೇಲೆ ಕೂತಿರುವುದು ಏನು ಅಂತ ಗೊತ್ತಾಗುವವರೆಗೂ ಬೇಡ. ಗೊತ್ತಾದ ಮೇಲೂ ಹೆಚ್ಚಿನ ಸಲ ಬೇಡವೇ. ಮಾಡಬಹುದಾದ ಒಂದೆರಡು ಸಂದರ್ಭ ಇವೆ, ಅವು ಕೆಳಗೆ ಬರುತ್ತವೆ.

ಕೊಳೆ ಹೋದರೆ ನಾಣ್ಯ ಚೆನ್ನಾಗಿ ಕಾಣುತ್ತದೆ ಅಲ್ವಾ? ಬೆಲೆ ಯಾಕೆ ಇಳಿಯಬೇಕು?

ಪಾತ್ರೆ ಬೆಳಗುವುದಕ್ಕೂ ಇದಕ್ಕೂ ಹೋಲಿಸುವುದರಿಂದ ಈ ಗೊಂದಲ. ಪಾತ್ರೆಯ ಮೇಲಿನ ಒಂದು ಪದರ ಸವೆದರೆ ಏನೂ ಆಗುವುದಿಲ್ಲ. ನಾಣ್ಯದ ಕಥೆ ಬೇರೆ, ನೋಡುವಂಥದ್ದೆಲ್ಲ ಇರುವುದು ಆ ಮೇಲಿನ ಪದರದಲ್ಲೇ.

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಟನ್‌ಗಟ್ಟಲೆ ಒತ್ತಡದಲ್ಲಿ ಒತ್ತುತ್ತಾರೆ. ಆ ಒಂದು ಕ್ಷಣ ಗಟ್ಟಿ ಲೋಹವೂ ನಾದಿದ ಹಿಟ್ಟಿನ ಹಾಗೆ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ. ಹಾಗೆ ಸರಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಮೈಮೇಲೆ ಉಳಿಯುತ್ತದೆ. ಕೈಯಾಡದ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ನಿಧಾನಕ್ಕೆ ವಾಲಿಸಿ ನೋಡಿ. ಬೆಳಕಿನ ಪಟ್ಟಿಗಳು ಚಕ್ರದ ಕಡ್ಡಿಗಳ ಹಾಗೆ ನಡುವಿನ ಸುತ್ತ ತಿರುಗುತ್ತವೆ. ಸಂಗ್ರಹಕಾರರು ಇದನ್ನು ಕಾರ್ಟ್‌ವೀಲ್ ಅನ್ನುತ್ತಾರೆ, ಮಿಂಟ್ ಲಸ್ಟರ್ ಅಂತಲೂ ಅನ್ನುತ್ತಾರೆ. ಆ ಗೆರೆಗಳೇ ಈ ಹೊಳಪಿಗೆ ಕಾರಣ. ಉಜ್ಜಿದರೆ ಗೆರೆ ಸವೆಯುತ್ತದೆ, ಆಸಿಡ್ ಹಾಕಿದರೆ ಕರಗುತ್ತದೆ. ಆಮೇಲೆ ಉಳಿಯುವುದು ಸ್ಟೀಲ್ ಚಮಚದ ಹೊಳಪು. ಎಲ್ಲ ಕಡೆ ಒಂದೇ ಥರ, ಎಷ್ಟು ವಾಲಿಸಿದರೂ ಬೆಳಕು ತಿರುಗುವುದಿಲ್ಲ.

ಹಾಗೆ ಹೋದ ಹೊಳಪನ್ನು ಯಾವ ಪಾಲಿಶ್ ಹಾಕಿದರೂ ವಾಪಸ್ ತರಲು ಆಗುವುದಿಲ್ಲ, ಮತ್ತೆ ಅಚ್ಚಿಗೆ ಹಾಕಿ ಒತ್ತಿದರೆ ಮಾತ್ರ ಬಂದೀತು. ಬೆಲೆ ಎಷ್ಟು ಇಳಿಯುತ್ತದೆ ಅನ್ನುವುದು ನಾಣ್ಯದ ಮೇಲೆ ಹೋಗುತ್ತದೆ. ತುಂಬಾ ಅಪರೂಪದ್ದಾದರೆ ಉಜ್ಜಿದ್ದನ್ನೂ ಕೊಳ್ಳುವವರು ಇರುತ್ತಾರೆ. ಸಾಮಾನ್ಯ ಬೆಳ್ಳಿ ನಾಣ್ಯವಾದರೆ ಬರೀ ಬೆಳ್ಳಿಯ ತೂಕದ ಬೆಲೆಗೆ ಬಂದು ನಿಲ್ಲಬಹುದು.

ನೀವು ಯಾವತ್ತೂ ನಾಣ್ಯ ಹಾಳು ಮಾಡಿಲ್ವಾ?

ಮಾಡಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳ್ಳಿ ನಾಣ್ಯ ಸಿಕ್ಕಿತ್ತು. ಬೂದು ಬಣ್ಣ, ಅಂಚಿನ ಹತ್ತಿರ ಸ್ವಲ್ಪ ನೀಲಿ. ಈಗ ಕಂಡಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದೆ, ಆಗ ಕೊಳೆ ಅನ್ನಿಸಿತು. ಟೂತ್‌ಪೇಸ್ಟ್ ಹಚ್ಚಿ ಹೆಬ್ಬೆರಳಲ್ಲಿ ಉಜ್ಜಿದೆ. ನೊರೆ ಕಪ್ಪಾಯಿತು, ಕೊಳೆ ಬಿಡುತ್ತಿದೆ ಅಂತ ಖುಷಿಯಾಗಿ ಇನ್ನೂ ಜೋರಾಗಿ ಉಜ್ಜಿದೆ. ತೊಳೆದಾಗ ಕನ್ನಡಿ ಹಾಗೆ ಮಿಂಚುತ್ತಿತ್ತು. ವಾರಗಟ್ಟಲೆ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ.

ಎಷ್ಟೋ ವರ್ಷ ಆದ ಮೇಲೆ ನಾಣ್ಯ ಬಲ್ಲ ಹಿರಿಯರೊಬ್ಬರು ಅದನ್ನು ಟೇಬಲ್ ಲ್ಯಾಂಪ್ ಕೆಳಗೆ ಹಿಡಿದು, ಏನೂ ಹೇಳದೆ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಮುಖದ ಕೆನ್ನೆ ಮೇಲೆ ನೂರಾರು ಕೂದಲೆಳೆಯಂಥ ಗೀರು. ಎಲ್ಲವೂ ನನ್ನ ಹೆಬ್ಬೆರಳು ತಿರುಗಿದ ದಿಕ್ಕಿನಲ್ಲೇ, ಸುರುಳಿ ಸುರುಳಿಯಾಗಿ. ಅಕ್ಷರಗಳ ಸಂದಿಯಲ್ಲಿ ಒಣಗಿದ ಪೇಸ್ಟ್ ಇನ್ನೂ ಬೆಳ್ಳಗೆ ಕೂತಿತ್ತು.

ಟೂತ್‌ಪೇಸ್ಟ್‌ನಲ್ಲಿ ಹಲ್ಲಿನ ಕರೆ ಕೆರೆಯಲೆಂದೇ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನ ನುಣ್ಣನೆ ಪುಡಿ ಹಾಕಿರುತ್ತಾರೆ. ಮೋಸ್ ಗಡಸುತನದ ಅಳತೆಯಲ್ಲಿ (1 ಅಂದರೆ ತೀರಾ ಮೆತ್ತಗೆ, 10 ಅಂದರೆ ತೀರಾ ಗಡಸು) ಹಲ್ಲಿನ ಎನಾಮೆಲ್ ಸುಮಾರು 5. ಬೆಳ್ಳಿ 2.5ರಿಂದ 3. ಹಲ್ಲು ತಡೆದುಕೊಳ್ಳುವುದನ್ನು ಬೆಳ್ಳಿ ತಡೆದುಕೊಳ್ಳುವುದಿಲ್ಲ. ನನ್ನ ಕೈಯಲ್ಲಿ ಕಪ್ಪಾದ ಆ ನೊರೆಯಲ್ಲಿ ಇದ್ದದ್ದು ನಾಣ್ಯದ ಮೈಯೇ.

ಕಪ್ಪಾಗಿರುವುದು ಕೊಳೆಯಲ್ಲ ಅಂದರೆ ಮತ್ತೇನು?

ಲೋಹವೇ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ತಾಮ್ರ ಆಕ್ಸಿಜನ್ ಜೊತೆ ಸೇರಿ ಕೆಂಪುಗಂದು, ಆಮೇಲೆ ಕಡುಗಂದು ಆಗುತ್ತದೆ. ಹೀಗೆ ನಿಧಾನಕ್ಕೆ ಬೆಳೆದ ಪದರಕ್ಕೆ ಪಟಿನಾ ಅನ್ನುತ್ತಾರೆ, ಬೆಳ್ಳಿಯಲ್ಲಾದರೆ ಟೋನಿಂಗ್ ಅನ್ನುವುದು ಜಾಸ್ತಿ. ಗಟ್ಟಿಯಾಗಿ ಕೂತ ಕಂದು ಪದರ ತಾಮ್ರದ ನಾಣ್ಯಕ್ಕೆ ಒಂಥರಾ ಹೊದಿಕೆ. ಅದನ್ನು ಕಿತ್ತರೆ ಒಳಗಿನ ಹಸಿ ತಾಮ್ರ ಮತ್ತೆ ಗಾಳಿಗೆ ಬೀಳುತ್ತದೆ, ಮತ್ತೆ ಬಣ್ಣ ತಿರುಗುತ್ತದೆ, ಈ ಸಲ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ.

ಬೆಳ್ಳಿಯ ಪದರ ತೆಳ್ಳಗಿದ್ದಾಗ ನೋಡಲು ತುಂಬಾ ಚೆಂದ. ಬೆಳಕು ಪದರದ ಮೇಲಿನಿಂದಲೂ ತಳದಿಂದಲೂ ಮರಳಿ ಬಂದು ಒಂದರೊಳಗೊಂದು ಸೇರುವುದರಿಂದ ಬಣ್ಣ ಹುಟ್ಟುತ್ತದೆ, ನೀರಿನ ಮೇಲೆ ಬಿದ್ದ ಎಣ್ಣೆಯಲ್ಲಿ ಕಾಮನಬಿಲ್ಲು ಕಾಣುವ ಹಾಗೆ. ಮೊದಲು ತಿಳಿಹಳದಿ, ಆಮೇಲೆ ಕೆಂಪು ನೇರಳೆ, ಆಮೇಲೆ ನೀಲಿ. ಪದರ ದಪ್ಪವಾಗುತ್ತ ಹೋದರೆ ಕೊನೆಗೆ ಕಪ್ಪು. ಅಮೆರಿಕದ ಮಾರ್ಗನ್ ಡಾಲರ್ ಅನ್ನುವ ಹಳೇ ಬೆಳ್ಳಿ ನಾಣ್ಯಗಳು 1878ರಿಂದ 1904ರವರೆಗೆ ಮತ್ತು 1921ರಲ್ಲಿ ಅಚ್ಚಾದವು. ಅವುಗಳಲ್ಲಿ ಎಷ್ಟೋ ನಾಣ್ಯ ದಶಕಗಟ್ಟಲೆ ಬಟ್ಟೆ ಚೀಲದಲ್ಲೇ ಬಿದ್ದಿದ್ದವು, ಚೀಲಕ್ಕೆ ತಾಗಿಕೊಂಡಿದ್ದ ನಾಣ್ಯಗಳಿಗೆ ಬಟ್ಟೆಯ ಗಂಧಕದಿಂದ ಕಾಮನಬಿಲ್ಲಿನ ಬಣ್ಣ ಬಂದಿತ್ತು. ಇವತ್ತು ಅಂಥವಕ್ಕೆ ಬೆಳ್ಳಗಿರುವ ನಾಣ್ಯಕ್ಕಿಂತ ಜಾಸ್ತಿ ಕೊಟ್ಟು ತೆಗೆದುಕೊಳ್ಳುತ್ತಾರೆ. ತೊಳೆದಿದ್ದರೆ?

ಹಾಗಂತ ಕಪ್ಪಾದದ್ದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಮಸಿ ಬಳಿದ ಹಾಗೆ ಕಪ್ಪಾಗಿ ಕೂತ ದಪ್ಪ ಪದರ ನನಗೂ ಇಷ್ಟವಿಲ್ಲ. ಆದರೆ ಅದು ಅಷ್ಟು ದಪ್ಪವಾಗಲು ಅಷ್ಟೂ ಬೆಳ್ಳಿಯನ್ನು ತಿಂದಿರುತ್ತದೆ. ತೆಗೆದರೆ ಕೆಳಗೆ ಸಿಗುವುದು ತರಿತರಿ ಮೈ.

ಮೆತ್ತನೆ ಬಟ್ಟೆಯಲ್ಲಿ ಸುಮ್ನೆ ಒರೆಸಿದರೂ ತಪ್ಪಾ?

ಬಟ್ಟೆ ಮೆತ್ತಗಿರಬಹುದು, ಧೂಳು ಮೆತ್ತಗಿಲ್ಲ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದರ ಗಡಸುತನ 7. ಬಟ್ಟೆ ಆ ಕಣಗಳನ್ನು ಹಿಡಿದು ನಾಣ್ಯದ ಮೇಲೆ ಎಳೆದುಕೊಂಡು ಹೋಗುತ್ತದೆ. ಆಗ ಬೀಳುವ ಗೀರಿಗೆ ಹೇರ್‌ಲೈನ್ ಅನ್ನುತ್ತಾರೆ. ಸಂಗ್ರಹಕ್ಕೆಂದೇ ವಿಶೇಷವಾಗಿ ಅಚ್ಚು ಹಾಕಿದ ಪ್ರೂಫ್ ನಾಣ್ಯವಾದರಂತೂ ಮುಗಿಯಿತು. ಅದರ ಬಯಲು, ಅಂದರೆ ಚಿತ್ರ ಅಕ್ಷರ ಇಲ್ಲದ ಸಪಾಟು ಜಾಗ, ಕನ್ನಡಿಯಂತೆ ಇರುತ್ತದೆ, ಒಂದೇ ಸಲ ಒರೆಸಿದರೂ ಗುರುತು ಬೀಳುತ್ತದೆ.

ಸಡಿಲ ಧೂಳು ಇದ್ದರೆ ರಬ್ಬರ್ ಗಾಳಿ ಬಲ್ಬಿನಿಂದ ಊದಿ. ಬಾಯಲ್ಲಿ ಊದಬೇಡಿ. ಎಂಜಲಿನ ಸಣ್ಣ ಹನಿ ಬೀಳುತ್ತದೆ, ಆಗ ಕಾಣುವುದಿಲ್ಲ, ಆಮೇಲೆ ಅದೇ ಜಾಗದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆ ಏಳುತ್ತದೆ. ನಾಣ್ಯದ ಮೇಲೆ ಬಾಗಿ ಮಾತಾಡುವುದೂ ಅಷ್ಟೇ.

ನಿಂಬೆ, ಹುಣಸೆ, ವಿನೆಗರ್?

ತಾಮ್ರ ಫಳಫಳ ಅನ್ನುತ್ತದೆ, ನಿಜ. ಹುಳಿ ಆಕ್ಸೈಡ್ ಪದರವನ್ನು ಕರಗಿಸುತ್ತದೆ, ಹೊಳಪಿನ ಗೆರೆಗಳನ್ನೂ ಬಿಡುವುದಿಲ್ಲ. ಉಪ್ಪು ಬೆರೆಸಿದರೆ ಇನ್ನೂ ಬೇಗ. ಬರುವ ಬಣ್ಣವೂ ಹೊಸ ತಾಮ್ರದ್ದಲ್ಲ, ಹಸಿ ಮಾಂಸದಂಥ ಒಂಥರಾ ಪೇಲವ ಗುಲಾಬಿ. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಮೇಲಾಗಿ ಉಪ್ಪಿನ ಕ್ಲೋರೈಡ್ ಸಂದಿಯಲ್ಲಿ ಉಳಿದರೆ ಮುಂದೆ ಹಸಿರು ರೋಗಕ್ಕೆ ನೀವೇ ಬೀಜ ಹಾಕಿದ ಹಾಗೆ. ಆ ರೋಗದ ಬಗ್ಗೆ ಕೆಳಗಿದೆ.

ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು. ಇದರಲ್ಲಿ ಉಜ್ಜುವುದೇ ಇಲ್ಲವಲ್ಲ?

ಉಜ್ಜುವುದಿಲ್ಲ, ಅದಕ್ಕೇ ಎಲ್ಲರೂ ಇದನ್ನು ನಂಬುತ್ತಾರೆ. ಇಲ್ಲಿ ನಡೆಯುವುದು ಬ್ಯಾಟರಿಯಲ್ಲಿ ನಡೆಯುವಂಥದ್ದೇ. ಅಲ್ಯೂಮಿನಿಯಂ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಸಿಲ್ವರ್ ಸಲ್ಫೈಡ್ ಒಡೆದು ಮತ್ತೆ ಬೆಳ್ಳಿಯಾಗುತ್ತದೆ, ಗಂಧಕ ಬಿಟ್ಟುಹೋಗುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಚಮಚ, ದೀಪಕ್ಕೆ ಒಳ್ಳೆಯ ಉಪಾಯ. ನಾಣ್ಯದಲ್ಲಿ ತೊಂದರೆ ಏನೆಂದರೆ ವಾಪಸ್ ಬಂದ ಬೆಳ್ಳಿ ಮೊದಲಿದ್ದ ಜಾಗದಲ್ಲಿ ಮೊದಲಿನ ಹಾಗೆ ಕೂರುವುದಿಲ್ಲ. ಸಣ್ಣ ಸಣ್ಣ ತೂತಿರುವ ಪುಡಿಯಂತೆ ಕೂರುತ್ತದೆ. ಮೈ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ, ಜೀವ ಇರುವುದಿಲ್ಲ.

ಅಂಗಡಿಯಲ್ಲಿ ಸಿಗುವ ಸಿಲ್ವರ್ ಡಿಪ್?

ಇದರ ಬಗ್ಗೆ ಸಂಗ್ರಹಕಾರರಲ್ಲೇ ಜಗಳ ಇದೆ, ನಾನು ನನ್ನ ಅಭಿಪ್ರಾಯ ಹೇಳುತ್ತೇನೆ.

ಬೆಳ್ಳಿ ಅದ್ದಿ ತೆಗೆಯುವ ಈ ದ್ರಾವಣಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಅನ್ನುವ ರಾಸಾಯನಿಕ ಮತ್ತು ಯಾವುದಾದರೂ ಆಸಿಡ್ ಇರುತ್ತದೆ. ಸಿಲ್ವರ್ ಸಲ್ಫೈಡ್ ಪದರವನ್ನು ಕೆಲವೇ ಸೆಕೆಂಡಿನಲ್ಲಿ ಕರಗಿಸುತ್ತದೆ. ಪದರದ ಜೊತೆ ಅದರಲ್ಲಿ ಸೇರಿಕೊಂಡಿದ್ದ ಬೆಳ್ಳಿಯೂ ಹೋಗುತ್ತದೆ. ಹೊಳಪು ಚೆನ್ನಾಗಿರುವ ನಾಣ್ಯವನ್ನು ತಿಳಿದವರು ಒಂದು ಸಲ ಎರಡು ಮೂರು ಸೆಕೆಂಡು ಅದ್ದಿ, ಚೆನ್ನಾಗಿ ತೊಳೆದರೆ ಕಾರ್ಟ್‌ವೀಲ್ ಉಳಿಯುತ್ತದೆ. ನಿಜ ಹೇಳಬೇಕೆಂದರೆ, ನೂರು ವರ್ಷ ಹಳೆಯದಾದರೂ ಹಾಲಿನಂತೆ ಬೆಳ್ಳಗಿರುವ ನಾಣ್ಯಗಳಲ್ಲಿ ಎಷ್ಟೋ ಯಾವಾಗಲೋ ಒಮ್ಮೆ ಡಿಪ್ ಕಂಡವೇ. ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಗ್ರೇಡಿಂಗ್ ಕಂಪನಿಗಳೂ ಹೊಳಪು ಉಳಿದಿದ್ದರೆ ಅದನ್ನು ದೊಡ್ಡದು ಮಾಡುವುದಿಲ್ಲ.

ತೊಂದರೆ ಎರಡನೇ, ಮೂರನೇ ಡಿಪ್‌ನಲ್ಲಿ ಶುರುವಾಗುತ್ತದೆ. ಪ್ರತಿ ಸಲವೂ ಗೆರೆ ತೆಳ್ಳಗಾಗುತ್ತ ಬಂದು ಕೊನೆಗೆ ನಾಣ್ಯ ಸಪ್ಪೆ ಬೂದು ಬಣ್ಣವಾಗುತ್ತದೆ. ಸರಿಯಾಗಿ ತೊಳೆಯದೆ ಬಿಟ್ಟರೆ ಅಕ್ಷರಗಳ ಪಕ್ಕದಲ್ಲಿ ಕಂದು ಹಳದಿ ಕರೆ ಏಳುತ್ತದೆ. ಓಡಾಡಿ ಸವೆದ ನಾಣ್ಯಕ್ಕೆ ಡಿಪ್ ಮಾಡುವುದು ಪೂರ್ತಿ ದಂಡ, ಅಲ್ಲಿ ಹೊರಬರಲು ಹೊಳಪೇ ಇಲ್ಲ. ತಾಮ್ರ, ಕಂಚಿಗೆ ಬೇಡವೇ ಬೇಡ. ಥಯೋಯೂರಿಯಾ ಆರೋಗ್ಯಕ್ಕೂ ಒಳ್ಳೆಯದಲ್ಲ, ಬರಿಗೈಯಲ್ಲಿ ಮುಟ್ಟಬೇಡಿ. ಹೊಸಬರಿಗೆ ನನ್ನ ಉತ್ತರ: ಬೆಲೆ ಇಲ್ಲದ ಬೆಳ್ಳಿ ನಾಣ್ಯದ ಮೇಲೆ ಕಲಿಯುವುದಾದರೆ ಕಲಿಯಿರಿ, ಒಳ್ಳೆಯದನ್ನು ಮುಟ್ಟಬೇಡಿ.

ಅಲ್ಟ್ರಾಸಾನಿಕ್ ಯಂತ್ರ? ಪೆನ್ಸಿಲ್ ರಬ್ಬರ್?

ಎರಡೂ ಬೇಡ. ಯಂತ್ರದಲ್ಲಿ ನಾಣ್ಯಗಳು ಒಂದಕ್ಕೊಂದು ತಾಗಿ ಅದುರುತ್ತವೆ, ಬಿಟ್ಟ ಕೊಳೆ ಅವುಗಳ ನಡುವೆ ಸಿಕ್ಕಿಕೊಂಡು ಕೆರೆಯುತ್ತದೆ. ರಬ್ಬರ್ ಅಂತೂ ಅಳಿಸಲೆಂದೇ ಮಾಡಿದ್ದು.

ನನ್ನ ನಾಣ್ಯದ ಮೇಲೆ ಹಸಿರು ಬಂದಿದೆ. ಇದನ್ನಾದರೂ ತೆಗೆಯಬೇಕಲ್ಲ?

ಮೊದಲು ಯಾವ ಹಸಿರು ಅಂತ ನೋಡಿ. ಕಣ್ಣಿಗೆ ಒಂದೇ ಥರ ಕಂಡರೂ ಮೂರು ಬೇರೆ ಬೇರೆ ವಿಷಯ ಇಲ್ಲಿ ಬೆರೆತುಹೋಗುತ್ತವೆ.

ಗಟ್ಟಿಯಾಗಿ ಕೂತು ಉಗುರಿಗೂ ಬರದ ಹಸಿರು ಮಾಮೂಲಿ ಕಿಲುಬು. ತಾಮ್ರ ಗಾಳಿ, ತೇವದ ಜೊತೆ ಸೇರಿ ಆದದ್ದು. ಬೆಳೆಯುತ್ತಿಲ್ಲ ಅಂದರೆ ಅದರ ಪಾಡಿಗೆ ಬಿಡಿ. ಕಿತ್ತರೆ ಕೆಳಗೆ ಗುಳಿ ಇರುತ್ತದೆ. ಹಳೇ ಕಂಚಿನ ನಾಣ್ಯಗಳಲ್ಲಿ ಸಮನಾಗಿ ಕೂತ ಹಸಿರು ಪಟಿನಾ ಇದ್ದರೆ ಅದಕ್ಕೆ ಬೆಲೆಯೇ ಜಾಸ್ತಿ.

ಅಂಟಂಟಾಗಿ, ಜಾರುವಂತೆ, ತೆಳುವಾಗಿ ಹರಡಿದ ಹಸಿರು ಪಿವಿಸಿಯದು. ಮೆತ್ತಗಿರುವ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ವರ್ಷಗಟ್ಟಲೆ ಇಟ್ಟರೆ ಅದರಿಂದ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ವಸ್ತು) ಮತ್ತು ಆಸಿಡ್ ಅಂಶ ಒಸರಿ ಲೋಹದ ಜೊತೆ ಸೇರುತ್ತದೆ. ಇದನ್ನು ಬಿಟ್ಟರೆ ನಾಣ್ಯವನ್ನು ತಿನ್ನುತ್ತಲೇ ಹೋಗುತ್ತದೆ. ಇದನ್ನು ತೆಗೆಯಬೇಕು, ಅದಕ್ಕೆ ಅಸಿಟೋನ್.

ಮೂರನೆಯದು ತಿಳಿಹಸಿರು ಪುಡಿ. ಸಣ್ಣ ಗುಳಿಗಳಿಂದ ಎದ್ದು ಬರುತ್ತದೆ, ಸೂಜಿ ತಾಗಿಸಿದರೆ ಉದುರುತ್ತದೆ, ತೆಗೆದರೂ ಕೆಲವೇ ದಿನದಲ್ಲಿ ಮತ್ತೆ ಬರುತ್ತದೆ. ಇದೇ ಬ್ರಾಂಝ್ ಡಿಸೀಸ್, ನಾನು ಮೇಲೆ ಹಸಿರು ರೋಗ ಅಂದದ್ದು. ರೋಗ ಅಂತ ಹೆಸರಿದ್ದರೂ ಕ್ರಿಮಿ ಏನಿಲ್ಲ. ಮಣ್ಣಿನಿಂದಲೋ ಸಮುದ್ರದಿಂದಲೋ ಬಂದ ಕ್ಲೋರೈಡ್ ತಾಮ್ರದ ಜೊತೆ ಸೇರಿ ಒಳಗೆ ಕ್ಯೂಪ್ರಸ್ ಕ್ಲೋರೈಡ್ ಆಗಿ ಕೂತಿರುತ್ತದೆ. ತೇವವೂ ಆಕ್ಸಿಜನ್ನೂ ಸಿಕ್ಕಿದರೆ ಅದರಿಂದ ಆಸಿಡ್ ಹುಟ್ಟುತ್ತದೆ, ಆಸಿಡ್ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್. ಹೀಗೇ ಸುತ್ತು. ಇಂಥ ನಾಣ್ಯವನ್ನು ಬೇರೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದಂತೆ ಮುಚ್ಚಿಡಿ. ತೇವಾಂಶ ಶೇ 40ಕ್ಕಿಂತ ಕೆಳಗೆ ಇದ್ದರೆ ಸುತ್ತು ನಿಲ್ಲುತ್ತದೆ. ಪೂರ್ತಿ ಚಿಕಿತ್ಸೆಗೆ ಸಂರಕ್ಷಣಾ ತಜ್ಞರು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್, ಬೆಂಜೋಟ್ರಯಜೋಲ್ ಅನ್ನುವ ರಾಸಾಯನಿಕಗಳನ್ನು ಬಳಸುತ್ತಾರೆ. ಎರಡನೆಯದು ವಿಷ, ಮನೆಯಲ್ಲಿ ಆಟ ಆಡುವಂಥದ್ದಲ್ಲ.

ಅಸಿಟೋನ್ ಅಂದಿರಿ. ಅದು ಕೆಮಿಕಲ್ ಅಲ್ವಾ?

ಕೆಮಿಕಲ್ಲೇ. ಆದರೆ ಶುದ್ಧ ಅಸಿಟೋನ್ ಲೋಹದ ತಂಟೆಗೆ ಹೋಗುವುದಿಲ್ಲ. ಎಣ್ಣೆ, ಅಂಟು, ಟೇಪಿನ ಗೋಂದು, ಪಿವಿಸಿ ಜಿಡ್ಡು, ಇಂಥವನ್ನು ಕರಗಿಸಿ ಬಿಡುತ್ತದೆ, ಟೋನಿಂಗ್ ಮುಟ್ಟುವುದಿಲ್ಲ. ನಾನು ಒಪ್ಪುವ ಶುಚಿ ಇದೊಂದೇ ಅಂದರೂ ಸರಿ.

ಮಾಡುವ ರೀತಿ ಹೀಗೆ. ಶುದ್ಧ ಅಸಿಟೋನ್ ತನ್ನಿ, ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಬಣ್ಣ, ಪರಿಮಳ, ಎಣ್ಣೆ ಬೆರೆಸಿರುತ್ತಾರೆ. ಗಾಜಿನ ಬಟ್ಟಲು ಎರಡು ಬೇಕು, ಪ್ಲಾಸ್ಟಿಕ್ ಕರಗಿದರೆ ಅದೂ ನಾಣ್ಯಕ್ಕೆ ಅಂಟುತ್ತದೆ. ಮೊದಲ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ ಕೆಲವು ನಿಮಿಷ ಬಿಡಿ, ಜಿಡ್ಡು ಹಳೆಯದಾದರೆ ಮುಚ್ಚಿ ಇನ್ನೂ ಹೆಚ್ಚು ಹೊತ್ತು. ಮರದ ಚಿಮಟದಲ್ಲಿ ಅಂಚು ಹಿಡಿದು ಎತ್ತಿ, ಎರಡನೇ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ. ಈ ಎರಡನೇ ಸಲ ಬಿಟ್ಟರೆ ಕರಗಿದ ಜಿಡ್ಡೇ ತೆಳ್ಳಗೆ ಮತ್ತೆ ಕೂರುತ್ತದೆ. ಆಮೇಲೆ ಟಿಶ್ಯೂ ಮೇಲೆ ಇಡಿ ಅಷ್ಟೆ, ಕೆಲವೇ ಸೆಕೆಂಡಿನಲ್ಲಿ ಒಣಗುತ್ತದೆ. ಎಲ್ಲಿಯೂ ಉಜ್ಜುವುದಿಲ್ಲ, ಒರೆಸುವುದೂ ಇಲ್ಲ.

ಬೆಂಕಿ ಹತ್ತಿರ ಬೇಡ, ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ಕಿಟಕಿ ತೆಗೆದಿರಲಿ. ಬಣ್ಣ ಹಚ್ಚಿದ ಹೊಸ ಸ್ಮಾರಕ ನಾಣ್ಯಗಳನ್ನು ಹಾಕಬೇಡಿ, ಬಣ್ಣವೇ ಎದ್ದು ಬರುತ್ತದೆ.

ಬರೀ ಸೋಪು ನೀರು?

ಚಿಲ್ಲರೆಯಾಗಿ ಓಡಾಡಿದ, ವಿಶೇಷ ಬೆಲೆ ಇಲ್ಲದ ನಾಣ್ಯ ಕೈಗೆ ಅಂಟುವಷ್ಟು ಕೊಳಕಾಗಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ಜಿಡ್ಡಿದ್ದರೆ ಒಂದು ತೊಟ್ಟು ಸೌಮ್ಯ ಸೋಪು. ನಲ್ಲಿ ನೀರಿನಲ್ಲಿ ಕ್ಲೋರಿನ್, ಉಪ್ಪಿನಂಶ ಇರುವುದರಿಂದ ಒಣಗಿದ ಮೇಲೆ ಕಲೆ ಉಳಿಯುತ್ತದೆ. ಒಣಗಿಸುವಾಗ ಟಿಶ್ಯೂ ಒತ್ತಿ ತೆಗೆಯಿರಿ, ಎಳೆಯಬೇಡಿ. ಹೆಚ್ಚಿನವರು ಅಷ್ಟು ಜೋಪಾನವಾಗಿ ತೊಳೆದು ಕೊನೆಗೆ ಟವೆಲ್‌ನಲ್ಲಿ ಗರಗರ ಒರೆಸಿಬಿಡುತ್ತಾರೆ. ಗೀರು ಬೀಳುವುದು ಅಲ್ಲಿಯೇ.

ಮಣ್ಣಿನಿಂದ ತೆಗೆದ ಪುರಾತನ ನಾಣ್ಯವನ್ನೂ ತೊಳೆಯಬಾರದಾ? ಏನಂತಲೇ ಕಾಣುತ್ತಿಲ್ಲ.

ಇದು ಬೇರೆ ಲೆಕ್ಕ. ಮಣ್ಣು ಮೆತ್ತಿದ ನಾಣ್ಯವನ್ನು ತೊಳೆಯದೆ ಗುರುತಿಸಲೇ ಆಗುವುದಿಲ್ಲ, ಪುರಾತನ ನಾಣ್ಯಗಳಲ್ಲಿ ಬಹುಪಾಲು ಯಾವುದೋ ರೀತಿಯಲ್ಲಿ ಶುಚಿ ಆದವೇ. ಇಲ್ಲಿ ಪ್ರಶ್ನೆ ಎಲ್ಲಿ ನಿಲ್ಲಿಸಬೇಕು ಅನ್ನುವುದು. ಮಣ್ಣು ಹೋಗಬೇಕು, ಪಟಿನಾ ಉಳಿಯಬೇಕು.

ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಿಸುತ್ತ ದಿನಗಟ್ಟಲೆ, ಬೇಕಾದರೆ ವಾರಗಟ್ಟಲೆ ಕಾಯಬೇಕು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಬಿದಿರು ಕಡ್ಡಿ ಅಥವಾ ಮುಳ್ಳಿನ ತುದಿಯಿಂದ ಮಣ್ಣನ್ನು ಕಣಕಣವಾಗಿ ಎಬ್ಬಿಸಬೇಕು. ಒಂದು ಅಕ್ಷರಕ್ಕೆ ಅರ್ಧ ಗಂಟೆ ಹಿಡಿದದ್ದೂ ಇದೆ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವ ಪದ್ಧತಿ ಹಳೆಯದು, ಎಣ್ಣೆಯಲ್ಲೂ ಸ್ವಲ್ಪ ಆಮ್ಲ ಇರುವುದರಿಂದ ಪಟಿನಾಕ್ಕೆ ಏಟು ಬೀಳುತ್ತದೆ. ಕರೆಂಟ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಬೇಗ ಕೆಲಸ ಮಾಡುತ್ತದೆ, ಪಟಿನಾವನ್ನೆಲ್ಲ ಬೋಳಿಸಿ ಗುಳಿಬಿದ್ದ ಬರೀ ಲೋಹ ಕೈಗಿಡುತ್ತದೆ. ಕಂಚಿನ ನಾಣ್ಯದಲ್ಲಿ ಎಷ್ಟೋ ಸಲ ಮುಖ, ಅಕ್ಷರ ಉಳಿದಿರುವುದೇ ಪಟಿನಾದಲ್ಲಿ. ಅದು ಹೋದರೆ ಚಿತ್ರವೂ ಹೋಯಿತು.

ಚಿನ್ನಕ್ಕೆ ಏನೂ ಆಗುವುದಿಲ್ಲ ಅಲ್ವಾ?

ಕಪ್ಪಾಗುವುದಿಲ್ಲ, ಗೀರು ಮಾತ್ರ ಬೇಗ ಬೀಳುತ್ತದೆ, ಬೆಳ್ಳಿಯಷ್ಟೇ ಮೆತ್ತಗಿನ ಲೋಹ. ತಾಮ್ರ ಬೆರೆತ ಚಿನ್ನದಲ್ಲಿ ಕೆಂಪುಗಂದು ಚುಕ್ಕೆ ಬರುವುದುಂಟು, ಅದನ್ನು ಕೆರೆಯಬೇಡಿ.

ಉಕ್ಕು, ಸತುವಿನ ನಾಣ್ಯ?

ಇವು ಇನ್ನೂ ಸೂಕ್ಷ್ಮ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಅಮೆರಿಕ ಒಂದು ಸೆಂಟ್ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿತು. ಉಜ್ಜಿದರೆ ಸತು ಹೋಗುತ್ತದೆ, ಕೆಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದವನ್ನು ತೊಳೆದು ಹೊಸದಾಗಿ ಸತು ಹಾಕಿ ಫಳಫಳ ಮಾಡಿ ಮಾರುವವರೂ ಇದ್ದಾರೆ. ನೋಡಲು ಹೊಸದು, ಸಂಗ್ರಹಕಾರರ ಲೆಕ್ಕದಲ್ಲಿ ಕೆಟ್ಟದ್ದು.

ಕೊಳ್ಳುವ ಮುಂಚೆ ಇದು ತೊಳೆದದ್ದು ಅಂತ ಹೇಗೆ ತಿಳಿಯುವುದು?

ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹರಡಿದ ಬೆಳಕಿನಲ್ಲಿ ಗೀರು ಅಡಗುತ್ತದೆ. ಕೋಣೆ ಸ್ವಲ್ಪ ಕತ್ತಲಿರಲಿ, ಒಂದೇ ಬಲ್ಬಿನ ದೀಪ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ನಿಧಾನಕ್ಕೆ ವಾಲಿಸಿ, ತಿರುಗಿಸಿ, ಮತ್ತೆ ವಾಲಿಸಿ. ಒಂದು ಕೋನದಲ್ಲಿ ಏನೂ ಇಲ್ಲದ ಬಯಲು ಇನ್ನೊಂದು ಕೋನಕ್ಕೆ ಬಂದ ಕೂಡಲೇ ಜೇಡರ ಬಲೆಯ ಹಾಗೆ ಮಿನುಗಿದರೆ ಅದು ಒರೆಸಿದ್ದು. ಓಡಾಡಿ ಬಿದ್ದ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ, ಒರೆಸಿದ್ದು ಒಂದೇ ದಿಕ್ಕಿನಲ್ಲಿ ಸಾಲಾಗಿ ಇರುತ್ತದೆ.

ಬಣ್ಣ ನೋಡಿ. ಚೆನ್ನಾಗಿ ಸವೆದು ಮುಖದ ಕೂದಲು, ಕಿವಿ ಎಲ್ಲ ಮಾಸಿಹೋಗಿರುವ ನಾಣ್ಯ ಹೊಸದರಂತೆ ಬೆಳ್ಳಗಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ, ಅಷ್ಟು ಕೈ ಬದಲಿಸಿದ ಬೆಳ್ಳಿ ಬೂದು ಬಣ್ಣದಲ್ಲೇ ಇರಬೇಕು. ಬಯಲೆಲ್ಲ ಬಿಳಿ, ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು ಅಂದರೂ ಅನುಮಾನ ಪಡಿ.

ಇನ್ನೊಂದು ಮೋಸಕ್ಕೆ ವಿಝಿಂಗ್ ಅನ್ನುತ್ತಾರೆ. ಜೋರಾಗಿ ತಿರುಗುವ ಸಣ್ಣ ಬ್ರಷ್ ಆಡಿಸಿ ಸುಳ್ಳು ಹೊಳಪು ತರುತ್ತಾರೆ. ದೂರದಿಂದ ಕಾರ್ಟ್‌ವೀಲ್ ಅನ್ನಿಸುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ಅಕ್ಷರಗಳ ಬದಿ ನೋಡಿ, ಬ್ರಷ್ ತಳ್ಳಿದ ಲೋಹ ಸಣ್ಣ ದಿಬ್ಬ ಕಟ್ಟಿರುತ್ತದೆ.

ಗ್ರೇಡಿಂಗ್ ಕಂಪನಿಗಳು ತೊಳೆದ ನಾಣ್ಯಕ್ಕೆ ಏನು ಮಾಡುತ್ತವೆ?

ಎನ್‌ಜಿಸಿ, ಪಿಸಿಜಿಎಸ್ ಅನ್ನುವ ಅಮೆರಿಕದ ದೊಡ್ಡ ಕಂಪನಿಗಳೆರಡೂ 1ರಿಂದ 70ರವರೆಗೆ ಅಂಕ ಕೊಡುತ್ತವೆ. ಈ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೇ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ್ದು. ತೊಳೆದು ಹಾಳಾದ ನಾಣ್ಯಕ್ಕೆ ಅಂಕ ಸಿಗುವುದಿಲ್ಲ. ಅಸಲಿ ಅಂತ ಒಪ್ಪಿ, ಡೀಟೇಲ್ಸ್ ಅಂತ ಬರೆದು, ಕಾರಣ ನಮೂದಿಸಿ ಕೊಡುತ್ತಾರೆ. ಪಿಸಿಜಿಎಸ್‌ನಲ್ಲಿ ಶುಚಿ ಮಾಡಿದ್ದಕ್ಕೆ ಸಂಕೇತ 92. ಆ ಸಂಖ್ಯೆ ಮೊದಲ ಸಲ ನೋಡಿದಾಗ ಎಷ್ಟೋ ಜನ ಒಳ್ಳೆಯ ಅಂಕ ಬಂತು ಅಂತ ಖುಷಿಪಡುತ್ತಾರೆ, ಪಾಪ.

ಮುಳುಗಿದ ಹಡಗಿನ ನಾಣ್ಯಗಳನ್ನೂ ತೊಳೆದೇ ಮಾರುತ್ತಾರಲ್ಲ?

ಒಳ್ಳೆಯ ಪ್ರಶ್ನೆ. ಎಸ್‌ಎಸ್ ಸೆಂಟ್ರಲ್ ಅಮೆರಿಕ ಹಡಗು 1857ರಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 1988ರಲ್ಲಿ ಅದರ ಚಿನ್ನ ಪತ್ತೆಯಾದಾಗ ಎಷ್ಟೋ ನಾಣ್ಯಗಳ ಮೇಲೆ ತುಕ್ಕು, ಖನಿಜದ ಪದರ ಕಟ್ಟಿತ್ತು. ತಜ್ಞರು ಆ ಪದರವನ್ನು ಮಾತ್ರ ಕರಗಿಸುವ ದ್ರಾವಣದಲ್ಲಿ ನೆನೆಸಿ ತೆಗೆದರು. ಚಿನ್ನಕ್ಕೆ ಏನೂ ತಾಗಲಿಲ್ಲ, ಕೆಳಗೆ ಅಚ್ಚಿನ ಹೊಳಪು ಹಾಗೇ ಇತ್ತು. ಆ ನಾಣ್ಯಗಳಿಗೆ ಪೂರ್ತಿ ಅಂಕ ಸಿಕ್ಕಿತು. ಇದಕ್ಕೆ ಕನ್ಸರ್ವೇಶನ್ ಅನ್ನುತ್ತಾರೆ. ಮೇಲೆ ಕೂತ ಪರಕೀಯ ವಸ್ತು ಹೋಗಬೇಕು, ನಾಣ್ಯದ್ದೇ ಆದ ಮೈ ಒಂದು ಕಣವೂ ಹೋಗಬಾರದು.

1865ರಲ್ಲಿ ಮುಳುಗಿ 2003ರಲ್ಲಿ ಸಿಕ್ಕ ಎಸ್‌ಎಸ್ ರಿಪಬ್ಲಿಕ್ ಹಡಗಿನ ಬೆಳ್ಳಿ ಅರ್ಧ ಡಾಲರ್‌ಗಳ ಕಥೆ ಬೇರೆ. ಉಪ್ಪುನೀರು ಬೆಳ್ಳಿಯನ್ನೇ ಕೊರೆದಿತ್ತು. ಎಷ್ಟು ನಾಜೂಕಾಗಿ ಶುಚಿ ಮಾಡಿದರೂ ಹೆಚ್ಚಿನವುಗಳ ಮೈ ತರಿತರಿ, ಅವಕ್ಕೆ ಅಂಕದ ಬದಲು ಶಿಪ್‌ರೆಕ್ ಇಫೆಕ್ಟ್ ಅನ್ನುವ ಲೇಬಲ್ ಬಂತು.

ಹಿಂದಿನ ದೊಡ್ಡ ಸಂಗ್ರಹಕಾರರು ತೊಳೆಯುತ್ತಿದ್ದರು ಅಂತ ಕೇಳಿದ್ದೇನೆ.

ತೊಳೆಯುತ್ತಿದ್ದರು, ಪೊಟ್ಯಾಸಿಯಂ ಸೈನೈಡ್ ಕೂಡ ಬಳಸುತ್ತಿದ್ದರು. ಹೌದು, ಅದೇ ವಿಷ. ಬೆಳ್ಳಿಯನ್ನು ಚೆನ್ನಾಗಿ ಬೆಳಗುತ್ತದೆ, ಬೆಳ್ಳಿಯನ್ನೂ ಕರಗಿಸುತ್ತದೆ. ಅಮೆರಿಕದ ಹೆಸರಾಂತ ಸಂಗ್ರಹಕಾರ ಜೆ. ಸ್ಯಾನ್‌ಫರ್ಡ್ ಸಾಲ್ಟಸ್ 1922ರಲ್ಲಿ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ಸತ್ತರು. ನಾಣ್ಯ ತೊಳೆಯಲು ತಂದಿದ್ದ ಸೈನೈಡನ್ನು ಕುಡಿಯುವ ಪಾನೀಯ ಅಂದುಕೊಂಡು ಕುಡಿದಿದ್ದರು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಕೊಡುವ ಒಂದು ಪದಕಕ್ಕೆ ಈಗಲೂ ಅವರದೇ ಹೆಸರು.

ಹೊಸ ಬೆಳ್ಳಿ ನಾಣ್ಯದಲ್ಲಿ ಬಿಳಿ ಕಲೆ ಬಂದಿದೆ. ನಾನು ಮುಟ್ಟಿಯೇ ಇಲ್ಲ!

ಇದು ಮಿಲ್ಕ್ ಸ್ಪಾಟ್, ನಿಮ್ಮ ತಪ್ಪಲ್ಲ. ಅಚ್ಚಿಗೆ ಹಾಕುವ ಮುಂಚೆ ಬಿಲ್ಲೆ ತೊಳೆದ ರಾಸಾಯನಿಕ ಪೂರ್ತಿ ಹೋಗದೆ ಉಳಿದದ್ದೇ ಕಾರಣ ಅನ್ನುತ್ತಾರೆ. ಡಿಪ್‌ಗೂ ಅಸಿಟೋನ್‌ಗೂ ಸಾಮಾನ್ಯವಾಗಿ ಜಗ್ಗುವುದಿಲ್ಲ. ಕೆನಡಾದ ಟಂಕಸಾಲೆ ಇದನ್ನು ಕಡಿಮೆ ಮಾಡಲು 2018ರಿಂದ ಬೆಳ್ಳಿಯ ಮೇಪಲ್ ಲೀಫ್ ನಾಣ್ಯಗಳಿಗೆ ಮಿಂಟ್‌ಶೀಲ್ಡ್ ಅನ್ನುವ ಉಪಾಯ ತಂದಿತು. ಕಲೆ ಉಜ್ಜಲು ಹೋದರೆ ಕಲೆಯೂ ಉಳಿಯುತ್ತದೆ, ಗೀರೂ ಬೀಳುತ್ತದೆ.

ತೊಳೆಯುವ ಗೋಜೇ ಬರದ ಹಾಗೆ ಹೇಗೆ ಇಡುವುದು?

ಅಂಚಿನಲ್ಲಿ ಹಿಡಿಯಿರಿ. ಬೆರಳಚ್ಚು ಇವತ್ತು ಕಾಣುವುದಿಲ್ಲ, ಬೆವರಿನ ಉಪ್ಪು ಎಣ್ಣೆ ನಿಧಾನಕ್ಕೆ ಕೆಲಸ ಮಾಡಿ ಮುಂದೆ ಕಂದು ಬಣ್ಣದಲ್ಲಿ ಪೂರ್ತಿ ಹೆಬ್ಬೆಟ್ಟು ಮೂಡುತ್ತದೆ, ಪೊಲೀಸರೇ ತೆಗೆದುಕೊಂಡ ಹಾಗೆ. ನೋಡುವಾಗ ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಳ್ಳಿ, ಕೈ ಜಾರಿದರೆ ಉಳಿಯುತ್ತದೆ. ಮೆತ್ತಗೆ ಬಾಗುವ, ಜೋರು ಪ್ಲಾಸ್ಟಿಕ್ ವಾಸನೆ ಬರುವ ಕವರ್ ಬೇಡ, ಅದು ಪಿವಿಸಿ ಇರಬಹುದು. ಮೈಲಾರ್ (ಪಿವಿಸಿ ಇಲ್ಲದ ಪಾಲಿಯೆಸ್ಟರ್ ಹಾಳೆ) ಕವರ್ ಅಥವಾ ಗಟ್ಟಿ ಕ್ಯಾಪ್ಸೂಲ್ ಒಳ್ಳೆಯದು. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಬರೆಯುತ್ತದೆ. ಸಾಮಾನ್ಯ ರಟ್ಟು, ಹಸಿ ಮರದ ಪೆಟ್ಟಿಗೆ ಕೂಡ ಬೇಡ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಆಗಾಗ ಬದಲಿಸಿ.

ಆಗಲೇ ಉಜ್ಜಿಬಿಟ್ಟಿದ್ದೇನೆ. ಏನಾದರೂ ಮಾಡಬಹುದಾ?

ಇನ್ನೂ ಏನಾದರೂ ಹಚ್ಚುವುದನ್ನು ನಿಲ್ಲಿಸಿ. ಸಂದಿಯಲ್ಲಿ ಪೇಸ್ಟೋ ಪಾಲಿಶ್ಶೋ ಉಳಿದಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಆಮೇಲೆ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ಬಣ್ಣ ತರುತ್ತೇನೆ ಅಂತ ಗಂಧಕದ ಪುಡಿ, ಒಲೆ, ಮೊಟ್ಟೆಯ ಪ್ರಯೋಗಕ್ಕೆ ಇಳಿಯಬೇಡಿ, ಕೃತಕ ಬಣ್ಣವನ್ನು ಗುರುತಿಸುವವರು ಇದ್ದಾರೆ, ಆಗ ಎರಡು ದೋಷ ಆಗುತ್ತದೆ. ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ ಬಿಟ್ಟುಬಿಡಿ, ಬೆಳ್ಳಿಯಾದರೆ ವರ್ಷಗಳಲ್ಲಿ ತಾನಾಗಿಯೇ ಬಣ್ಣ ತಿರುಗುತ್ತದೆ. ನನ್ನ ಟೂತ್‌ಪೇಸ್ಟ್ ನಾಣ್ಯಕ್ಕೆ ಈಗ ಅಂಚಿನಲ್ಲಿ ತಿಳಿಹಳದಿ ಬಂದಿದೆ, ಗೀರುಗಳು ಅದರ ಕೆಳಗೆ ಹಾಗೇ ಕಾಣುತ್ತವೆ. ಯಾರಿಗಾದರೂ ಕೊಡುವುದಾದರೆ ತೊಳೆದದ್ದು ಅಂತ ಮೊದಲೇ ಹೇಳಿ ಕೊಡಿ. ನಾನು ನನ್ನದನ್ನು ಮಾರಿಲ್ಲ. ಹೊಸಬರು ಯಾರಾದರೂ ಹೇರ್‌ಲೈನ್ ಅಂದರೆ ಹೇಗಿರುತ್ತದೆ ಅಂತ ಕೇಳಿದರೆ ದೀಪ ಹಾಕಿ, ಭೂತಗನ್ನಡಿ ಕೊಟ್ಟು, ಅದನ್ನೇ ತೋರಿಸುತ್ತೇನೆ.